ಮೊದಲು ಕಸದ ಬುಟ್ಟಿ ತೋರಿಸಿ

ಬೆಳಗಿನ ಆರು ಗಂಟೆ. ಇಕೊಮಾ ಬೆಟ್ಟದ ಬೆನ್ನಿಗೆ ಈಗಷ್ಟೇ ಬೂದು ಬೆಳಕು ಹತ್ತುತ್ತಿದೆ. ಹಿಗಾಶಿ ಒಸಾಕಾದ ತಕಾಯ್ದಾ ಓಣಿಯಲ್ಲಿ ಶಟರ್‌ಗಳೆಲ್ಲ ಇಳಿದಿವೆ. ಅದರಲ್ಲಿ ಎಂಟು ಗಂಟೆಗೆ ಏಳುವವು ಯಾವುವು, ಇನ್ನೆಂದೂ ಏಳದವು ಯಾವುವು ಎಂಬುದು ಓಣಿಯವರಿಗಷ್ಟೇ ಗೊತ್ತು. ಒಂದು ಶಟರ್ ಮಾತ್ರ ಅರ್ಧಕ್ಕೆ ತೆರೆದಿದೆ. ಅದರೆದುರು ಸೈಕಲ್ ನಿಲ್ಲಿಸಿ, ಸೊಂಟ ಹಿಡಿದುಕೊಂಡು ಬಗ್ಗಿ ಒಳನುಗ್ಗುತ್ತಾರೆ ತರುಮಿ ಕಯೋಕೊ. ವಯಸ್ಸು ಅರವತ್ತೊಂದು.

ಒಳಗೆ ಸೀಮೆಎಣ್ಣೆ ಸ್ಟೌವಿನ ಮುಂದೆ ಕೈ ಕಾಯಿಸುತ್ತ ಕೂತಿದ್ದಾರೆ ಒಕುನೊ. ಎಪ್ಪತ್ತನಾಲ್ಕರ ಈ ಮುದುಕರು ಐವತ್ತು ವರ್ಷದಿಂದ ಸ್ಪ್ರಿಂಗ್ ಸುತ್ತುತ್ತಿದ್ದಾರೆ.

"ಬಂದ್ಯಾ ಅಕ್ಕ? ಕಸ ಗುಡಿಸೋಕೆ ಪೊರಕೆ ತಂದಿದ್ದೀಯೋ ಹೇಗೆ?"

"ಯಜಮಾನ್ರೇ, ಬೆಳ್ಬೆಳಗ್ಗೆ ಚುಚ್ಚಬೇಡಿ. ಕಂಪ್ಯೂಟರ್ ಹಾಕಿ. ಮೊದಲು ಕಸದ ಬುಟ್ಟಿ ತೋರಿಸಿ."

ತರುಮಿ ಮಾಡುವ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ಓಣಿಯವರು 'ಮೇಲ್ ಸಾಗಿಸೋ ಅಕ್ಕ' ಎನ್ನುತ್ತಾರೆ. ಮನೆ ಬದಲಿಸುವವರ ಸಾಮಾನು ಸಾಗಿಸುವವರಿದ್ದಾರಲ್ಲ, ಹಾಗೆ ಇವರು ಒಂದು ಮೇಲ್ ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಪತ್ರ ಸಾಗಿಸುತ್ತಾರೆ. ನಗೆಬರುವಷ್ಟು ಸಣ್ಣ ಕೆಲಸ ಎಂದುಕೊಳ್ಳುವವರು ಒಮ್ಮೆ ಈ ಓಣಿಗೆ ಬರಬೇಕು. ಇಲ್ಲಿನ ಸಣ್ಣ ಕಾರ್ಖಾನೆಗಳ ಪತ್ರಗಳು ಎಲ್ಲೋ ದೂರದ ಸರ್ವರಿನಲ್ಲಿ ಕೂತಿರುವುದಿಲ್ಲ. ಬಂದ ಪತ್ರ ಮೂಲೆಯ ಆ ಒಂದು ಕಂಪ್ಯೂಟರಿಗೆ ಇಳಿದರೆ ಮುಗಿಯಿತು, ಆಮೇಲೆ ಅದು ಇರುವುದು ಅಲ್ಲಿ ಮಾತ್ರ. ಇಪ್ಪತ್ತು ವರ್ಷದ ನಕ್ಷೆ, ಅಳತೆ, ಜಗಳ, ಹೊಸ ವರ್ಷದ ಶುಭಾಶಯ ಎಲ್ಲವೂ ಎಣ್ಣೆಜಿಡ್ಡು ಹತ್ತಿದ ಆ ಒಂದು ಡಬ್ಬಿಯೊಳಗೆ.

ಈ ತಿಂಗಳ ಕೊನೆಗೆ ಹಳೆಯ ಪ್ರೋಗ್ರಾಂಗಳಿಗೆ ಬಾಗಿಲು ಮುಚ್ಚುತ್ತೇವೆ ಎಂದು ಇಲ್ಲಿಗೆ ಮೇಲ್ ಒದಗಿಸುವ ಸಂಸ್ಥೆಯಿಂದ ಮೂರು ಸಾಲಿನ ಸೂಚನೆ ಬಂದಿದೆ. ಹೊಸದನ್ನು ನೀವೇ ಆರಿಸಿಕೊಳ್ಳಿ ಎಂದಿದೆ ಸೂಚನೆ. ಎಪ್ಪತ್ತು ದಾಟಿದ, ಓದುವ ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವ ಜನರಿಗೆ ಎಷ್ಟು ಸಲೀಸಾಗಿ ಹೇಳಿಬಿಟ್ಟಿದ್ದಾರೆ!

ಆರಿಸುವ ಭಾರ ಬಂದು ಬೀಳುವುದು ತರುಮಿಯವರ ತಲೆಮೇಲೆ. ಇಲ್ಲಿ ಯಾರೂ ಪ್ರೋಗ್ರಾಮಿನ ಹೆಸರು ಹೇಳುವುದಿಲ್ಲ, ಪರದೆಯ ಮೇಲಿನ ಚಿತ್ರ ಹೇಳುತ್ತಾರೆ. ಒಬ್ಬರದು ಲಕೋಟೆ, ಒಬ್ಬರದು ನೀಲಿ ಹಕ್ಕಿ, ಇನ್ನೊಬ್ಬರದು ಯಾರೋ ಒಬ್ಬರೇ ಕೂತು ಬರೆದ, ಈಗ ಹೇಳುವವರು ಕೇಳುವವರು ಇಲ್ಲದ ಕೆಂಪು ಅಂಚೆಪೆಟ್ಟಿಗೆ. "ಯಾವ್ದು ಒಳ್ಳೇದು ಅಂತ ಎಲ್ರೂ ಕೇಳ್ತಾರೆ. ಪ್ರೋಗ್ರಾಂ ನೋಡಿ ಹೇಳೋಕಾಗುತ್ತಾ? ನಾನು ಅವರ ಕೈ ನೋಡ್ತೀನಿ. ಬೆರಳು ಎಲ್ಲಿಗೆ ಹೋಗುತ್ತೋ ಅಲ್ಲಿ ಗುಂಡಿ ಇರಬೇಕು, ಅಷ್ಟೇ," ಎನ್ನುತ್ತಾರೆ ಅವರು. ಅದಕ್ಕೇ ಮೊದಲ ಹದಿನೈದು ನಿಮಿಷ ಏನೂ ಮುಟ್ಟದೆ ಪಕ್ಕದಲ್ಲಿ ಕೂತು ಗಿರಾಕಿ ಹೇಗೆ ಪತ್ರ ಓದುತ್ತಾರೆ, ಓದಿ ಏನು ಮಾಡುತ್ತಾರೆ ಎಂದು ನೋಡುತ್ತಾರೆ.

ನಿಪ್ಪೊಂಬಾಶಿಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದವರು ತರುಮಿ. ಅಂಗಡಿ ಮುಚ್ಚಿದ ದಿನ ಕೌಂಟರಿನಲ್ಲಿದ್ದ ಗಿರಾಕಿಗಳ ಪಟ್ಟಿಯನ್ನು ಒಂದು ನೋಟ್‌ಬುಕ್ಕಿಗೆ ಬರೆದುಕೊಂಡು ಹೊರಬಂದರು. ಆಗ ಅದರಲ್ಲಿ ಮುನ್ನೂರ ನಲವತ್ತು ಕಾರ್ಖಾನೆಗಳಿದ್ದವು. ಕಾರ್ಖಾನೆ ನಿಂತರೆ ಹೆಸರಿನ ಮೇಲೆ ಪೆನ್ಸಿಲಿನಿಂದ ಒಂದು ಗೆರೆ. ಈಗ ಗೆರೆ ಬೀಳದೆ ಉಳಿದವು ನೂರಹನ್ನೆರಡು. ಮೊದಲು ವಾರಕ್ಕೆ ನಾಲ್ಕು ಕಡೆ ಹೋಗುತ್ತಿದ್ದವರು ಈ ಸೂಚನೆ ಬರುವ ಹೊತ್ತಿಗೆ ತಿಂಗಳಿಗೆ ಎರಡೋ ಮೂರೋ ಕಡೆ ಹೋಗುತ್ತಿದ್ದರು. ಅದೂ ಎಂಟು ಗಂಟೆಯೊಳಗೆ ಮುಗಿಯಬೇಕು, ಯಂತ್ರಗಳು ಶುರುವಾದರೆ ನೆಲ ನಡುಗುತ್ತದೆ, ಪತ್ರಗಳೂ ಬರತೊಡಗುತ್ತವೆ.

ಒಕುನೊ ಅವರ ಹೆಸರು ಮೊದಲಿನಿಂದಲೂ ನೋಟ್‌ಬುಕ್ಕಿನಲ್ಲಿದೆ. ಆದರೆ ಏಳು ವರ್ಷದಿಂದ, ಈ ಸೂಚನೆ ಬರುವವರೆಗೆ, ಅವರು ತಮ್ಮ ಕಂಪ್ಯೂಟರನ್ನು ಈಕೆಯ ಕೈಗೆ ಕೊಟ್ಟಿರಲಿಲ್ಲ. ಎದುರಿಗೆ ಸಿಕ್ಕಾಗ ತಮಾಷೆ ಮಾಡುತ್ತಿದ್ದರು, ಬಿಸಿ ಕಾಫಿ ಡಬ್ಬಿ ಕೈಗಿಡುತ್ತಿದ್ದರು, ಕಂಪ್ಯೂಟರ್ ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಕಾರಣ ಎರಡು ಶಟರ್ ಆಚೆ, ಹಿರೊಕಾನೆ ಅವರ ಲೇಪನದ ಕಾರ್ಖಾನೆಯಲ್ಲಿದೆ. ಒಕುನೊ ಸುತ್ತಿದ ಸ್ಪ್ರಿಂಗಿಗೆ ತುಕ್ಕು ಹಿಡಿಯದಂತೆ ಲೋಹದ ಲೇಪ ಕೊಡುವವರು ಹಿರೊಕಾನೆ.

ಏಳು ವರ್ಷದ ಹಿಂದೆ ತರುಮಿ ಅಲ್ಲಿ ಪತ್ರ ಸಾಗಿಸಲು ಹೋಗಿದ್ದರು. ಆಗ ಅವರಿಗೊಂದು ಅಭ್ಯಾಸವಿತ್ತು, ಸಾಗಿಸುವ ಮುನ್ನ ಭಾರ ಕಡಿಮೆಯಾಗಲೆಂದು ಪ್ರೋಗ್ರಾಮಿನ ಕಸದ ಬುಟ್ಟಿ ಬರಿದು ಮಾಡುವುದು. ಬರಿದು ಮಾಡಿ ಕಡತವನ್ನು ಒತ್ತಿ ಸಣ್ಣದು ಮಾಡಿದರೆ ಅದು ಮತ್ತೆ ಮರಳುವಂತಿಲ್ಲ. ಅಂದೂ ಹಾಗೆಯೇ ಮಾಡಿದರು. ಕೇಳಲಿಲ್ಲ. ಕಸಕ್ಕೆ ಯಾರಾದರೂ ಅಪ್ಪಣೆ ಕೇಳುತ್ತಾರೆಯೇ?

ಹಿರೊಕಾನೆ ಹೊಸ ಪರದೆಯ ಮುಂದೆ ಕೂತು ಸ್ವಲ್ಪ ಹೊತ್ತು ತಡಕಾಡಿದರು. "ಇಲ್ಲಿ ಇದ್ದಿದ್ದೆಲ್ಲ ಎಲ್ಲೋಯ್ತಮ್ಮ?"

"ಚೊಕ್ಕ ಮಾಡಿಟ್ಟೆ. ಹನ್ನೆರಡು ವರ್ಷದ ಕಸ ಇತ್ತು ನೋಡಿ. ಈಗ ಯಂತ್ರ ಎಷ್ಟು ಹಗುರಾಯ್ತು!"

"ಓ... ಹೌದಾ," ಎಂದರು ಅವರು. ಎದ್ದು ಚಹಾ ಬಗ್ಗಿಸಿಕೊಟ್ಟರು. ತುಂಬಾ ಶ್ರಮಪಟ್ಟಿರಿ ಎಂದು ತಲೆಬಾಗಿ ಬಾಗಿಲವರೆಗೂ ಬಂದು ಕಳಿಸಿಕೊಟ್ಟರು.

ಸಂಗತಿ ಏನೆಂದು ತಿಳಿದದ್ದು ವಾರದ ಮೇಲೆ, ಒಕುನೊ ಅವರ ಬಾಯಿಂದ. ಹಿರೊಕಾನೆಗೆ ಓದಿದ ಪತ್ರವನ್ನು ಕಡತಕ್ಕೆ ಸೇರಿಸುವುದು ಗೊತ್ತಿರಲಿಲ್ಲ. ಕೆಲಸ ಮುಗಿದ ಪತ್ರಕ್ಕೆ ಡಿಲೀಟ್ ಗುಂಡಿ ಒತ್ತುತ್ತಿದ್ದರು. ಪತ್ರ ಕಸದ ಬುಟ್ಟಿಗೆ ಹೋಗಿ ಕೂರುತ್ತಿತ್ತು, ಬೇಕಾದಾಗ ಅಲ್ಲಿಂದ ತೆಗೆದು ನೋಡುತ್ತಿದ್ದರು. ಅವರ ಮಟ್ಟಿಗೆ ಅದೇ ಬೀರು. ಈ ಓಣಿಯಲ್ಲಿ ಅರ್ಧಕ್ಕರ್ಧ ಜನ ಹಾಗೆಯೇ ಮಾಡುತ್ತಾರೆ ಎಂಬುದು ಇಪ್ಪತ್ತೆರಡು ವರ್ಷ ಅಂಗಡಿಯಲ್ಲಿ ನಿಂತ ತರುಮಿಗೆ ಗೊತ್ತಿರಲಿಲ್ಲ. ಆ ಬೀರುವಿನಲ್ಲಿ ಅಳತೆಗಳಷ್ಟೇ ಇದ್ದಿದ್ದರೆ ಹೇಗೋ ಆಗುತ್ತಿತ್ತು. ಹಿರೊಕಾನೆಯ ಹೆಂಡತಿ ಮಿತ್ಸುಯೋ ಮುಂದಿನ ಕೋಣೆಯಲ್ಲಿ ಕೂತು ಲೆಕ್ಕಪತ್ರ ನೋಡುತ್ತಿದ್ದವರು. ಗಂಡ ಹತ್ತು ಹೆಜ್ಜೆ ಆಚೆ, ಲೇಪದ ತೊಟ್ಟಿಗಳ ಬಳಿ. ಪಂಪುಗಳ ಸದ್ದಿನಲ್ಲಿ ಕೂಗಿದರೆ ಕೇಳದು. ಅದಕ್ಕೆ ಆಕೆ ಮೇಲ್ ಹಾಕುತ್ತಿದ್ದರು. 'ಊಟ.' 'ಮಳೆ ಬರ್ತಿದೆ, ಬಟ್ಟೆ.' 'ಕೈಗವಸು ಹಾಕಿದ್ದೀರಾ?' ದಿನಕ್ಕೆ ಐದೋ ಆರೋ. ಗಂಡ ಓದುವುದು, ಗುಂಡಿ ಒತ್ತುವುದು. ಕಸ ಬರಿದಾದ ದಿನಕ್ಕೆ ಮಿತ್ಸುಯೋ ತೀರಿಕೊಂಡು ಎರಡು ವರ್ಷವಾಗಿತ್ತು.

"ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ತರುಮಿ. "ಚಹಾ ಕೊಟ್ಬಿಟ್ರು. ಆ ಚಹಾ ಇನ್ನೂ ಗಂಟಲಲ್ಲಿದೆ." ತೆಗೆದ ಪತ್ರಗಳನ್ನು ಮರಳಿ ಎತ್ತಲು ಎರಡು ವಾರ ಹೆಣಗಾಡಿದರು. ಒಂದಕ್ಷರವೂ ಸಿಗಲಿಲ್ಲ. ಹಿರೊಕಾನೆ ಅಂದಿನಿಂದ ಮೇಲ್ ತೆರೆಯಲಿಲ್ಲ, ಫ್ಯಾಕ್ಸಿಗೆ ಮರಳಿದರು. ತರುಮಿ ಈ ಓಣಿಗೆ ಬಂದಾಗಲೆಲ್ಲ ಅವರ ಬಾಗಿಲು ತಪ್ಪಿಸಿ ಹಿಂದಿನ ಗಲ್ಲಿಯಿಂದ ಸೈಕಲ್ ತುಳಿಯುತ್ತಾರೆ.

ಈಗ ಒಕುನೊ ತಮ್ಮ ಲಕೋಟೆಯನ್ನು ತೆರೆದು ಕಸದ ಬುಟ್ಟಿ ತೋರಿಸುತ್ತಾರೆ. ಆರು ಸಾವಿರದ ಇನ್ನೂರ ಹದಿನೆಂಟು ಪತ್ರ.

"ಇದೆಲ್ಲ ನಿಜವಾದ ಕಸ ಅಕ್ಕ. ಚೆಲ್ಲು."

"ಚೆಲ್ಲಲ್ಲ."

"ನನ್ನ ಕಸ, ನಾನು ಹೇಳ್ತಿದ್ದೀನಿ!"

"ಬೇಕಾದ್ರೆ ನಾನು ಹೋದ್ಮೇಲೆ ಚೆಲ್ಕೊಳ್ಳಿ. ನನ್ನ ಕೈಲಿ ಆಗಲ್ಲ."

ಒಕುನೊ ಗೊಣಗುತ್ತ ಸ್ಟೌವಿನ ಬಳಿ ಹೋಗುತ್ತಾರೆ. ಅವರಿಗೆ ನೀಲಿ ಹಕ್ಕಿಯೇ ಸರಿ ಎಂದು ತರುಮಿ ತೀರ್ಮಾನಿಸಿಯಾಗಿದೆ, ಅಕ್ಷರ ದೊಡ್ಡದು ಮಾಡಬಹುದು, ಡಿಲೀಟ್ ಗುಂಡಿಯೂ ಹಳೆಯ ಜಾಗದಲ್ಲೇ ಇದೆ. ಪತ್ರಗಳು ಸಾಗುವಾಗ ಅವರು ಒಂದು ಹಾಳೆಯಲ್ಲಿ ಅತ್ತಲಿನ ಎಣಿಕೆ, ಇತ್ತಲಿನ ಎಣಿಕೆ ಬರೆಯುತ್ತಾರೆ. ಎರಡೂ ಸಮವಾದ ಮೇಲೆ ಪ್ರತಿ ಕಡತದ ಮೊದಲ ಪತ್ರ, ಕೊನೆಯ ಪತ್ರ, ನಡುವಿನ ಒಂದು ಪತ್ರ ತೆರೆದು ಅಕ್ಷರ ಕೆಟ್ಟಿದೆಯೇ ಎಂದು ನೋಡುತ್ತಾರೆ. ಕಸದ ಬುಟ್ಟಿಯ ನಡುವಿನ ಪತ್ರ ತೆರೆದವರು ಹಾಗೆಯೇ ಕೂರುತ್ತಾರೆ. ಕಳಿಸಿದವರ ಜಾಗದಲ್ಲಿ ಹಿರೊಕಾನೆ ಮಿತ್ಸುಯೋ ಎಂದಿದೆ.

'ಒಕುನೊ ಸಾನ್, ಯಾವಾಗಲೂ ನಿಮ್ಮಿಂದ ಉಪಕಾರವಾಗುತ್ತಿದೆ. ಮೂರು ಪೆಟ್ಟಿಗೆ ಸಿದ್ಧ. ನಮ್ಮನೆಯವರಿಗೆ ಕೆಮ್ಮು, ದಯವಿಟ್ಟು ಮಾತಿಗೆಳೆದು ದಣಿಸಬೇಡಿ. ಪೆಟ್ಟಿಗೆ ಒಯ್ದು ಸುಮ್ಮನೆ ಹೋಗಿಬಿಡಿ.'

ಹಿಂದೆ ಬಂದು ನಿಂತ ಒಕುನೊ ಓದಿ ಮೊದಲು ನಗುತ್ತಾರೆ. "ನೋಡು, ನನ್ನನ್ನ ವಾಚಾಳಿ ಅಂತಿದ್ದಾಳೆ." ಆಮೇಲೆ ಅವರಿಗೂ ನಗು ನಿಲ್ಲುತ್ತದೆ.

ಹುಡುಕಿದರೆ ಆಕೆಯ ಪತ್ರಗಳು ನಲವತ್ತೊಂದು. ತರುಮಿ ಕೈ ಮಡಿಲಲ್ಲಿಟ್ಟುಕೊಂಡು ಕೇಳುತ್ತಾರೆ, "ಯಜಮಾನ್ರೇ, ಇವು ನಿಮ್ಮ ಪತ್ರ. ಆದ್ರೂ... ಅವರಿಗೆ ತೋರಿಸ್ಲಾ?"

"ತಗೊಂಡೋಗು. ನಾನೇ ಕೊಡ್ತಿದ್ದೆ, ಆದ್ರೆ ನನ್ನೆದುರು ಅತ್ತುಬಿಟ್ರೆ ಆಮೇಲೆ ಅವನು ನನ್ನ ಮುಖ ನೋಡಲ್ಲ. ನೀನಾದ್ರೆ ಹೇಗೂ ಮೊದ್ಲೇ ಕೆಟ್ಟೋಳು."

"ಬೇಡ ಅಂದ್ರೆ?"

"ಬೇಡ ಅಂದ್ರೆ ವಾಪಸ್ ಬಾ. ಬೇಗ ಹೋಗು, ಮುಂದಿನ ತಿಂಗಳು ಅವನ ತೊಟ್ಟಿ ಕಿತ್ಕೊಂಡು ಹೋಗೋಕೆ ಜನ ಬರ್ತಾರೆ."

ಹಿರೊಕಾನೆ ಕಾರ್ಖಾನೆ ಮುಚ್ಚುತ್ತಿದೆ. ತರುಮಿಯವರ ನೋಟ್‌ಬುಕ್ಕಿನಲ್ಲಿ ಆ ಹೆಸರಿಗೂ ಇನ್ನು ಗೆರೆ ಬೀಳಬೇಕು. ಗೆರೆ ಬಿದ್ದ ಮೇಲೆ ಆ ಬಾಗಿಲಿಗೆ ಹೋಗಲು ಈಕೆಗೆ ಯಾವ ನೆಪವೂ ಇರುವುದಿಲ್ಲ. ಏಳೂಕಾಲಿಗೆ, ನಲವತ್ತೊಂದು ಪತ್ರಗಳಿರುವ ಸಣ್ಣ ಡಿಸ್ಕನ್ನು ಜೇಬಿನಲ್ಲಿಟ್ಟುಕೊಂಡು, ಏಳು ವರ್ಷದ ಮೇಲೆ ಅವರು ಹಿಂದಿನ ಗಲ್ಲಿ ಬಿಟ್ಟು ಓಣಿಯಿಂದಲೇ ನಡೆದು ಹೋಗುತ್ತಾರೆ.

ಹಿರೊಕಾನೆ ತೊಟ್ಟಿಯ ಅಂಚು ಒರೆಸುತ್ತಿದ್ದಾರೆ. ಖಾಲಿ ತೊಟ್ಟಿ, ಆದರೂ ಒರೆಸುತ್ತಿದ್ದಾರೆ. ಪಂಪುಗಳು ನಿಂತಿವೆ. ತರುಮಿ ಬಾಗಿಲಲ್ಲೇ ನಡುಬಗ್ಗಿಸಿ, ಬಂದ ಕಾರಣವನ್ನು ತೊದಲುತ್ತ ಹೇಳುತ್ತಾರೆ. ಮುದುಕರು ಒದ್ದೆ ಬಟ್ಟೆ ಹಿಂಡಿ ಹಾಕುತ್ತಾರೆ.

"ಒಕುನೊಗೆ ಬರೆದಿದ್ದು ಅಂದ್ರಲ್ಲ. ನನಗೆ ಬರೆದಿದ್ದಲ್ಲವಲ್ಲಮ್ಮ ಅವು."

"ಹೌದು. ನಿಮಗೆ ಬರೆದಿದ್ದನ್ನ ನಾನು ಕಳೆದುಬಿಟ್ಟೆ. ಅದು ಬರಲ್ಲ. ಇದಿಷ್ಟೇ ಇರೋದು. ನನ್ನಿಂದ ತಪ್ಪಾಯ್ತು, ಹಿರೊಕಾನೆ ಸಾನ್."

ಏಳು ವರ್ಷ ಬಾಯಿಗೆ ಬರದಿದ್ದ ಮಾತು ಅದು. ಹಿರೊಕಾನೆ ಮುಂದಿನ ಕೋಣೆಗೆ ನಡೆದು, ಕಂಪ್ಯೂಟರಿನ ಮೇಲೆ ಹೊದಿಸಿದ್ದ ಬಟ್ಟೆ ಎಳೆಯುತ್ತಾರೆ. ಅದು ಎಚ್ಚರಾಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಒಳಪೆಟ್ಟಿಗೆಯಲ್ಲಿ ಯಾರೂ ತೆರೆಯದ ಒಂದೇ ಒಂದು ಪತ್ರವಿದೆ, ಅಂದು ತರುಮಿಯೇ ಕಳಿಸಿದ್ದು: 'ಇದು ಪರೀಕ್ಷೆಯ ಪತ್ರ. ಇದು ಕಂಡರೆ ಎಲ್ಲವೂ ಸರಿಯಾಗಿದೆ ಎಂದರ್ಥ.' ತರುಮಿ ಮುಖ ತಿರುಗಿಸುತ್ತಾರೆ.

ಡಿಸ್ಕಿನಿಂದ ಪತ್ರಗಳು ಇಳಿಯುತ್ತವೆ. ಹಿರೊಕಾನೆ ಪರದೆಗೆ ಮೂಗು ತಾಗಿಸಿ ಒಂದೊಂದೇ ಓದುತ್ತಾರೆ. ಬಹುಪಾಲು ಒಂದೇ ಬಗೆಯವು, ಪೆಟ್ಟಿಗೆ ಸಿದ್ಧ, ಬಂದು ಒಯ್ಯಿರಿ. ಒಂದು ಕಡೆ ಬೆರಳು ನಿಲ್ಲುತ್ತದೆ. 'ಪೆಟ್ಟಿಗೆ ತಳ ಒದ್ದೆ ಇದೆ. ಕಾಗದ ಹಾಸಿ ಅಂತ ನಮ್ಮನೆಯವರಿಗೆ ಹೇಳಿದ್ದೆ, ಕೇಳಲಿಲ್ಲ.'

"ಹಾಸಿದ್ದೆ ಕಣೇ," ಎನ್ನುತ್ತಾರೆ ಹಿರೊಕಾನೆ ಪರದೆಗೆ. "ಎರಡು ಪದರ ಹಾಸಿದ್ದೆ."

ಪಂಪುಗಳು ನಿಂತ ಈ ಮನೆಯಲ್ಲಿ ಈಗ ಪಿಸುಗುಟ್ಟಿದರೂ ಕೇಳಿಸುತ್ತದೆ. ಕೂಗಬೇಕಾದವಳು ಇಲ್ಲ.

ನಲವತ್ತೊಂದೂ ಮುಗಿಯುತ್ತವೆ. "ಇವನ್ನ ಒಂದು ಕಡತ ಮಾಡಿ, ಮೇಲೆ ಅವರ ಹೆಸರು ಹಾಕಿ ಇಡ್ಲಾ?" ಎಂದು ಕೇಳುತ್ತಾರೆ ತರುಮಿ.

"ಕಡತ ಗಿಡತ ನನಗೆ ಸಿಗಲ್ಲಮ್ಮ. ಕಸದ ಬುಟ್ಟೀಲೇ ಇಡಿ. ನಾನು ಹುಡುಕೋದು ಅಲ್ಲೇ."

ತರುಮಿ ಪತ್ರಗಳನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಮುಚ್ಚುವ ಮುನ್ನ ಏನೋ ನೆನಪಾಗಿ ಪ್ರೋಗ್ರಾಮಿನ ಸೆಟ್ಟಿಂಗ್ ಪುಟ ತೆರೆಯುತ್ತಾರೆ. ಅಲ್ಲಿ 'ನಿರ್ಗಮಿಸುವಾಗ ಕಸದ ಬುಟ್ಟಿ ಬರಿದು ಮಾಡು' ಎಂಬ ಸಾಲಿನ ಮುಂದೆ ಒಂದು ಟಿಕ್ ಗುರುತಿದೆ. ಏಳು ವರ್ಷದ ಹಿಂದೆ, ಒಳ್ಳೆಯದಾಗಲೆಂದು ತಮ್ಮ ಕೈಯಾರೆ ಹಾಕಿದ್ದು. ಅವರು ಆ ಗುರುತು ತೆಗೆಯುತ್ತಾರೆ. ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದು ಎಣಿಸುತ್ತಾರೆ. ನಲವತ್ತೊಂದು.

ಹಿರೊಕಾನೆ ಚಹಾ ತರುತ್ತಾರೆ. ಈ ಸಲ ಎರಡು ಲೋಟ ತಂದು, ತಾವೂ ಎದುರಿಗೆ ಕೂತು ಕುಡಿಯುತ್ತಾರೆ. ಕ್ಷಮಿಸಿದೆ ಎಂದು ಅವರು ಹೇಳುವುದಿಲ್ಲ, ತರುಮಿ ಕೇಳುವುದೂ ಇಲ್ಲ.

ಹೊರಗೆ ಎಂಟರ ಗಂಟೆ ಬಾರಿಸಿ ಓಣಿಯ ಉಳಿದ ಯಂತ್ರಗಳು ಒಂದೊಂದಾಗಿ ಶುರುವಾಗುತ್ತವೆ. ಇನ್ನೆಷ್ಟು ದಿನ ಈ ಕೆಲಸ ಎಂದು ಕೇಳಿದರೆ ತರುಮಿ ನೋಟ್‌ಬುಕ್ ತೆರೆದು ಗೆರೆ ಬೀಳದ ಹೆಸರುಗಳ ಮೇಲೆ ಬೆರಳಾಡಿಸುತ್ತಾರೆ. ಹಿರೊಕಾನೆಯ ಹೆಸರಿನ ಮೇಲೆ ಇಂದು ಅವರು ಪೆನ್ಸಿಲ್ ಇಡುವುದಿಲ್ಲ.

"ನಾನು ಸಾಗಿಸಿದ್ದನ್ನ ಎಷ್ಟು ಜನ ತೆರೆದು ನೋಡ್ತಾರೋ ಗೊತ್ತಿಲ್ಲ," ಎನ್ನುತ್ತಾರೆ ಸೈಕಲ್ ಹತ್ತುತ್ತ. "ಆ ಟಿಕ್ ಗುರುತನ್ನ ಬೇರೆ ಕಡೆಗಳಲ್ಲೆಲ್ಲ ಹೋಗಿ ಹೋಗಿ ತೆಗೆದುಬಂದಿದ್ದೆ. ಇದೊಂದು ಮನೆ ಬಾಕಿ ಇತ್ತು. ಇನ್ಮೇಲೆ ಈ ಊರಲ್ಲಿ ನಾನು ಕೂರಿಸಿದ ಒಂದು ಯಂತ್ರಾನೂ ಹೇಳದೆ ಕೇಳದೆ ಯಾರ ಕಸಾನೂ ಚೆಲ್ಲಲ್ಲ."