ಕಂಬಿಯ ಆಚೆಯ ಶಾಲೆ

ನಮ್ಮ ಶಾಲೆಯ ಪೋಷಕರ ಸಭೆಗಳು ನಡೆಯುತ್ತಿದ್ದದ್ದು ರೈಲಿನಲ್ಲಿ. ತಮಾಷೆಗೆ ಹೇಳುತ್ತಿಲ್ಲ. ನಾನು ಮುಖ್ಯ ಶಿಕ್ಷಕಿಯಾಗಿದ್ದ ಊರು ಬಂಗಾರಪೇಟೆಯ ಪಕ್ಕದ್ದು. ಒಂದರಿಂದ ಐದರವರೆಗಿನ ಪುಟ್ಟ ಸರ್ಕಾರಿ ಶಾಲೆ. ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಬಹುಪಾಲು ಜನ ಬೆಳಕು ಹರಿಯುವ ಮೊದಲೇ ಬೆಂಗಳೂರಿನ ರೈಲು ಹತ್ತಿ, ಆಫೀಸುಗಳ ನೆಲ ಒರೆಸಿ, ಕಟ್ಟಡಗಳಿಗೆ ಬಣ್ಣ ಬಳಿದು, ಮಕ್ಕಳು ಮಲಗುವ ಹೊತ್ತಿಗೆ ಮನೆ ಸೇರುವವರು. ಶಾಲೆಗೆ ಬನ್ನಿ ಎಂದು ಅವರನ್ನು ಕರೆಯುವುದೂ ಒಂದೇ, ಕೂಲಿ ಬಿಡಿ ಎನ್ನುವುದೂ ಒಂದೇ. ನನ್ನ ಮನೆ ಕೆಜಿಎಫ್‌ನಲ್ಲಿ. ಆ ರೈಲು ನಮ್ಮ ಕಡೆಯಿಂದಲೇ ಹೊರಡುತ್ತದೆ. ಸಭೆಯಿದ್ದ ದಿನ ನಾನೂ ಅದನ್ನು ಹತ್ತಿ, ಬಂಗಾರಪೇಟೆಯಲ್ಲಿ ಇಳಿಯದೆ ಅವರೊಂದಿಗೆ ಮಾಲೂರಿನವರೆಗೆ ಹೋಗಿ, ಎದುರಿನಿಂದ ಬರುವ ರೈಲು ಹಿಡಿದು ಪ್ರಾರ್ಥನೆಯ ಹೊತ್ತಿಗೆ ಶಾಲೆಯಲ್ಲಿರುತ್ತಿದ್ದೆ.

ಹೆಂಗಸರ ಬೋಗಿಯಲ್ಲಿ ಹೂ ಕಟ್ಟುತ್ತಾ, ಅವರೆಕಾಯಿ ಕಾಲವಾದರೆ ಮಡಿಲ ತುಂಬ ಕಾಯಿ ಸುಲಿಯುತ್ತಾ, ಬಿಸಿಯೂಟದ ಬೇಳೆಯಿಂದ ಹಿಡಿದು ಶೌಚಾಲಯದ ಬಾಗಿಲಿನವರೆಗೆ ಎಲ್ಲವೂ ತೀರ್ಮಾನವಾಗುತ್ತಿತ್ತು. ಕೆಜಿಎಫ್‌ನ ತಮಿಳು ಹೆಂಗಸರು, ತಮ್ಮ ಒಂದು ಮಗುವೂ ನಮ್ಮ ಶಾಲೆಯಲ್ಲಿ ಇಲ್ಲದಿದ್ದರೂ, ಧಾರಾಳವಾಗಿ ಸಲಹೆ ಕೊಡುತ್ತಿದ್ದರು. ಗಂಡಸರು ಬೇರೆ ಬೋಗಿಯಲ್ಲಿ ಇಸ್ಪೀಟಾಡುತ್ತಿದ್ದರು, ಅವರ ತೀರ್ಮಾನ ಇಷ್ಟೇ, "ಎಂಗಸ್ರು ಏಳ್ದಂಗೆ." ಮಾಲೂರಿಗೆ ಮೊದಲಿನ ತ್ಯಾಕಲ್ ಸ್ಟೇಷನ್ ದಾಟುವಷ್ಟರಲ್ಲಿ ಜಗಳ ಮುಗಿದಿರುತ್ತಿತ್ತು. ಇಲಾಖೆಯ ಯಾವ ಸಭೆಯೂ ಅಷ್ಟು ಬೇಗ ಕೆಲಸ ಮುಗಿಸಿದ್ದನ್ನು ನಾನು ಕಂಡಿಲ್ಲ.

ಒಂದು ಚಳಿಗಾಲ ವಿಲೀನದ ಮಾತು ಬಂತು. ಮಕ್ಕಳು ಕಡಿಮೆ ಇರುವ ಶಾಲೆಯನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸುವುದು. ಆ ದೊಡ್ಡ ಶಾಲೆ ನಿಜಕ್ಕೂ ಹತ್ತಿರವೇ; ನಮ್ಮ ಅಂಗಳದಲ್ಲಿ ನಿಂತರೆ ಅದರ ನೀರಿನ ಟ್ಯಾಂಕು ಕಾಣುತ್ತದೆ. ನಡುವೆ ಇರುವುದು ಬೆಂಗಳೂರು–ಚೆನ್ನೈ ರೈಲು ಕಂಬಿ. ರೈಲ್ವೆ ಗೇಟು ಬಹಳ ದೂರ, ಆದ್ದರಿಂದ ಊರಿನವರು ಕಾಲುದಾರಿಯಲ್ಲೇ ಕಂಬಿ ದಾಟುತ್ತಾರೆ. ಆ ಶಾಲೆಯಲ್ಲಿ ತರಗತಿಗೊಬ್ಬರು ಶಿಕ್ಷಕರು, ಕಂಪ್ಯೂಟರ್, ಮೈದಾನ ಎಲ್ಲ ಇದ್ದವು. ನಮ್ಮಲ್ಲಿ ಐದು ತರಗತಿಗೆ ನಾನು ಮತ್ತು ಇನ್ನೊಬ್ಬರು. ಈ ಯೋಜನೆ ಮಾಡಿದವರು ಮೂರ್ಖರೇನಲ್ಲ. ನನಗೆ ಸಿಟ್ಟು ಬರುತ್ತಿದ್ದದ್ದೇ ಅದಕ್ಕೆ. ಮೂರ್ಖರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ನಮ್ಮ ಮಕ್ಕಳು ಶಾಲೆಗೆ ಬರುವ ರೀತಿ ಅವರಿಗೆ ಗೊತ್ತಿರಲಿಲ್ಲ. ಅಮ್ಮಂದಿರು ರೈಲಿಗೆ ಹೋದ ಮೇಲೆ ಬೀದಿಯ ಚಿಕ್ಕವರನ್ನೆಲ್ಲ ಎಬ್ಬಿಸಿ, ಮುಖ ತೊಳೆಸಿ, ಜಡೆ ಹಾಕಿ ಕರೆತರುವುದು ಆ ಬೀದಿಯ ದೊಡ್ಡ ಹುಡುಗಿ. ದೊಡ್ಡವಳು ಎಂದರೆ ಐದನೇ ತರಗತಿ. ಆ ವರ್ಷ ಅದು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷೆಯ ಮಗಳ ಪಾಲಿಗೆ ಬಂದಿತ್ತು. ಅವಳು ಬರುವ ಠೀವಿ ನೋಡಬೇಕಿತ್ತು. ಒಂದು ಕೈಯಲ್ಲಿ ಒಂದು ಮಗು, ಇನ್ನೊಂದು ಕೈ ಸದಾ ಹಿಂದಕ್ಕೆ ಚಾಚಿಕೊಂಡು, "ಬರ್ರಲಾ ಬೇಗ" ಎಂದು ಗದರುತ್ತಾ ಬರುತ್ತಿದ್ದಳು.

ಒಂದು ದಿನ ಮಧ್ಯಾಹ್ನ ತಾಲ್ಲೂಕು ಕಚೇರಿಯಿಂದ ಫೋನು. ನಾಳೆ ಹನ್ನೊಂದಕ್ಕೆ ಅಧಿಕಾರಿ ಬರುತ್ತಾರೆ, ಪೋಷಕರ ಅಭಿಪ್ರಾಯ ಕೇಳುತ್ತಾರೆ. "ಸಭೆ ಶಾಲೆಯಲ್ಲೇ ಆಗಬೇಕು ಮೇಡಂ. ಯಾರೂ ಬರಲಿಲ್ಲ ಅಂದ್ರೆ ಆಕ್ಷೇಪಣೆ ಇಲ್ಲ ಅಂತ ಬರ್ಕೋತಾರೆ." ಸರ್ಕಾರಿ ನೌಕರಳಾಗಿ ನಾನು ವಿಲೀನವನ್ನು ವಿರೋಧಿಸುವಂತಿರಲಿಲ್ಲ. ಆದರೆ ಸುದ್ದಿ ಮುಟ್ಟಿಸಬಾರದು ಎಂದು ಯಾರೂ ಹೇಳಿರಲಿಲ್ಲವಲ್ಲ. ಫೋನಿನಲ್ಲಿ ಒಬ್ಬೊಬ್ಬರಿಗೇ ಹೇಳಿದರೆ ಪಕ್ಕದ ಮನೆಯವರು ಹೋಗುತ್ತಾರೆ ಬಿಡು ಎಂದುಕೊಳ್ಳುತ್ತಾರೆ. ಬೋಗಿಯಲ್ಲಿ ಹೇಳಿದರೆ ಒಬ್ಬರ ಮುಖ ಒಬ್ಬರು ನೋಡಲೇಬೇಕು. ಮರುದಿನ ಬೆಳಗಿನ ರೈಲು ಹತ್ತಿದೆ.

ಬಂಗಾರಪೇಟೆಯಲ್ಲಿ ನಮ್ಮವರು ಹತ್ತಿ ಕೂತ ಕೂಡಲೇ ವಿಷಯ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದ ಕೈಗಳೆಲ್ಲ ನಿಂತವು.

"ಇವತ್ತೇನಾ? ಇವತ್ತಿಂದು ಇವತ್ತೇ ಏಳಿದ್ರೆ ನಾವ್ ಏನ್ ಮಾಡಾದು ಮೇಡಮ್ಮೋರೇ?" ಎಂದಳು ಅಧ್ಯಕ್ಷೆ. ವೈಟ್‌ಫೀಲ್ಡಿನ ಒಂದು ಆಫೀಸಿನಲ್ಲಿ ಅವಳಿಗೆ ಗುಡಿಸಿ ಒರೆಸುವ ಕೆಲಸ. "ಏಳ್ದೆ ಕೇಳ್ದೆ ನಿಂತ್ಕಂಡ್ರೆ ಸೂಪ್ರವೈಜರು ನಾಳೆ ಗೇಟೊಳಕ್ಕೇ ಬಿಡಲ್ಲ."

ಇನ್ನೊಬ್ಬಳು ಕಿಟಕಿಯ ಕಡೆಯಿಂದ, "ಆ ಇಸ್ಕೂಲಲ್ಲಿ ಕಂಪ್ಯೂಟ್ರು ಐತಂತಲ್ಲ. ಸೇರಿಸ್ಕಳ್ಲಿ ಬಿಡಿ, ಮಕ್ಳು ಮುಂದಕ್ಕೆ ಬತ್ತವೆ" ಎಂದಳು. ಅವಳು ಹೇಳಿದ್ದು ಸುಳ್ಳೇನೂ ಅಲ್ಲ.

ಅಧ್ಯಕ್ಷೆಯ ಮುಖ ನೋಡಲಾಗದೆ ನಾನೇ ಹೇಳಿದೆ: "ನಿನ್ನ ಮಗಳು ಹೇಗೂ ಆರನೇ ಕ್ಲಾಸಿಗೆ ಅಲ್ಲಿಗೇ ಹೋಗಬೇಕು. ನೀನು ಇಳಿಯಲೇಬೇಕು ಅಂತ ನಾನು ಹೇಳಲಾರೆ ಕಣಮ್ಮಾ."

ತ್ಯಾಕಲ್ ಬಂತು, ಯಾರೂ ಏಳಲಿಲ್ಲ. ಮಾಲೂರು ಬಂತು. ನಾನೊಬ್ಬಳೇ ಇಳಿದೆ. ರೈಲು ಹೊರಟಾಗ ಅಧ್ಯಕ್ಷೆ ನನ್ನತ್ತ ನೋಡಲೂ ಇಲ್ಲ, ತಲೆ ತಗ್ಗಿಸಿ ಕಾಯಿ ಸುಲಿಯುತ್ತಿದ್ದಳು. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕೋ ಗೊತ್ತಾಗದೆ, ಕಾಫಿ ತಣ್ಣಗಿದೆ ಎಂದು ಪ್ಲಾಟ್‌ಫಾರ್ಮಿನ ಕಾಫಿಯವನ ಮೇಲೆ ರೇಗಿದೆ. ಕಾಫಿ ಬಿಸಿಯಾಗಿಯೇ ಇತ್ತು.

ಹನ್ನೊಂದಕ್ಕೆ ಸರಿಯಾಗಿ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ದಣಿದಿದ್ದರು, ಅದೇ ದಿನ ಇನ್ನೂ ಬೇರೆ ಶಾಲೆಗಳಿಗೆ ಹೋಗಬೇಕಿತ್ತು. ಪೋಷಕರಿಗೆಂದು ಹಾಸಿದ್ದ ಜಮಖಾನೆ ಖಾಲಿ. ಒಳಗಿನಿಂದ ಮಗ್ಗಿ ಹೇಳುವ ಸದ್ದು. ಅವರು ಗಡಿಯಾರ ನೋಡಿದರು, ನೀರು ಕುಡಿದರು, ಮತ್ತೆ ಗಡಿಯಾರ ನೋಡಿದರು.

"ಯಾರೂ ಬರೋ ಹಾಗೆ ಕಾಣಲ್ಲ ಮೇಡಂ."

"ಸ್ವಲ್ಪ ಹೊತ್ತು ನೋಡೋಣ ಸರ್" ಎಂದೆ. ಯಾವ ನಂಬಿಕೆಯ ಮೇಲೆ ಹಾಗೆಂದೆನೋ ನನಗೇ ತಿಳಿಯದು. ಇನ್ನಷ್ಟು ಹೊತ್ತು ಕಾದು ಅವರು ಪೆನ್ನು ತೆಗೆದರು.

ಆಗ ಗೇಟಿನ ಚಿಲಕದ ಸದ್ದಾಯಿತು. ಅಧ್ಯಕ್ಷೆ ಮುಂದೆ, ಹಿಂದೆ ಒಂದಷ್ಟು ಹೆಂಗಸರು, ಕೆಲವರು ಕೆಲಸದ ನೀಲಿ ಕೋಟಿನಲ್ಲೇ ಇದ್ದರು. ವೈಟ್‌ಫೀಲ್ಡಿನವರೆಗೂ ಹೋಗಿ, ಅಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ಜಗಳವಾಡಿಕೊಂಡು, ಅರ್ಧ ಜನ ಕೆಲಸಕ್ಕೆ ಹೋಗಿ ಅರ್ಧ ಜನ ವಾಪಸು ರೈಲು ಹತ್ತಿದ್ದರು. ಕಂಪ್ಯೂಟರ್ ಎಂದವಳೂ ಬಂದಿದ್ದಳು. ನಾನು ಬೇಕೆಂದೇ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.

ಅಧಿಕಾರಿ ಸಮಾಧಾನವಾಗಿ ವಿವರಿಸಿದರು. ಅಲ್ಲಿ ಸೌಕರ್ಯ ಹೆಚ್ಚು, ಕಂಬಿ ದಾಟಿಸಲು ದಿನಕ್ಕೊಬ್ಬ ಪೋಷಕರು ನಿಂತರಾಯಿತು. ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಆ ಹೊತ್ತಿನಲ್ಲಿ ಊರಿನಲ್ಲಿ ಇರುವವರಾದರೂ ಯಾರು?

ಅವರು ಅಧ್ಯಕ್ಷೆಯನ್ನು ಕೇಳಿದರು, "ನಿಮ್ಮ ಮಗಳು ಎಷ್ಟನೇ ಕ್ಲಾಸಮ್ಮಾ?"

"ಐದು ಸಾ."

"ಮುಂದಿನ ವರ್ಷ ಅವಳು ಹೇಗೂ ಅಲ್ಲಿಗೇ ಹೋಗ್ತಾಳೆ. ಈ ಶಾಲೆ ಇದ್ರೂ ಇಲ್ಲದಿದ್ರೂ ನಿಮಗೇನು?"

"ಅದುಕ್ಕೇ ಬಂದೆ ಸಾ" ಎಂದಳು. "ಅವ್ಳು ಒಬ್ಳೇ ಕಂಬಿ ದಾಟಿದ್ರೆ ನಂಗೆ ಅಷ್ಟು ಬಯ ಇಲ್ಲ, ಉಸಾರಾಗವ್ಳೆ. ಈ ಇಸ್ಕೂಲು ಮುಚ್ಚಿದ್ರೆ ಬೀದಿ ಮಕ್ಳೆಲ್ಲ ಅವ್ಳ ಕೈ ಇಡ್ಕಂಡು ದಾಟ್ತವೆ. ನಾವ್ಯಾರೂ ಇರಲ್ಲ, ಅವ್ಳೇ ದೊಡ್ಡೋಳು. ಎಕ್ಸ್‌ಪ್ರೆಸ್ಸು ಬರೋವಾಗ ಒಂದು ಮಗು ಕೈ ಬಿಡಿಸ್ಕಂಡು ಓಡ್ತು ಅನ್ಕಳಿ. ಆಮೇಲೆ ನನ್ನ ಮಗ್ಳು ಜೀವ ಇರೋಗಂಟ ಅದ್ನ ಒತ್ಕಂಡು ತಿರುಗ್ಬೇಕು. ಅವ್ಳಿಗಿನ್ನೂ ಹತ್ತು ವರ್ಸ ಸಾ."

ಒಳಗೆ ಮಗ್ಗಿ ಮುಂದುವರಿಯುತ್ತಿತ್ತು. ಹೇಳಿಕೊಡುತ್ತಿದ್ದ ದನಿ ಆ ಮಗಳದೇ. ಅಧಿಕಾರಿ ನನ್ನ ಕಡೆ ತಿರುಗಿ, "ಮಕ್ಕಳು ಹೀಗೇ ಬರೋದಾ ಮೇಡಂ?" ಎಂದರು. ಹೌದು ಎಂದೆ. ಅವರು ಬಹಳ ಹೊತ್ತು ಬರೆದರು. "ಇದನ್ನೆಲ್ಲ ಕಳಿಸ್ತೀನಿ. ತೀರ್ಮಾನ ಮಾತ್ರ ನನ್ನ ಕೈಲಿಲ್ಲ" ಎಂದು ಹೇಳಿ ಜೀಪು ಹತ್ತಿದರು.

ಬೇಸಿಗೆ ರಜೆ ಮುಗಿಯುವವರೆಗೂ ಫೋನು ಬಂದಾಗಲೆಲ್ಲ ತಾಲ್ಲೂಕು ಕಚೇರಿಯದೇ ಎಂದುಕೊಳ್ಳುತ್ತಿದ್ದೆ. ಕೊನೆಗೆ ಬಂದ ವಿಲೀನದ ಆದೇಶದಲ್ಲಿ ನಮ್ಮ ಶಾಲೆಯ ಹೆಸರಿರಲಿಲ್ಲ. ಅಧ್ಯಕ್ಷೆಯ ಮಾತಿಗೋ, ಕಂಬಿಯಾಚೆಯ ಶಾಲೆಯಲ್ಲಿ ಕೊಠಡಿ ಸಾಲದೆಯೋ, ಯಾರೂ ಹೇಳಲಿಲ್ಲ. ಆ ವರ್ಷದ ಮಟ್ಟಿಗೆ ಉಳಿಯಿತು, ಅಷ್ಟೇ. ಅಧ್ಯಕ್ಷೆಯ ವೈಟ್‌ಫೀಲ್ಡಿನ ಕೆಲಸ ಸಭೆ ನಡೆದ ವಾರವೇ ಹೋಗಿತ್ತು. ಬೇರೆ ಕಡೆ ಸಿಕ್ಕಿ, ಮತ್ತೆ ಅದೇ ರೈಲು ಹತ್ತುತ್ತಿದ್ದಳು.

ಶಾಲೆ ಶುರುವಾದ ದಿನ ಅವಳು ರೈಲಿನಿಂದಲೇ ಫೋನು ಮಾಡಿ, "ಮಗ್ಳು ಇವತ್ತು ದಾಟ್ತಾಳೆ, ಒಸಿ ನೋಡ್ಕಳಿ ಮೇಡಮ್ಮೋರೇ" ಎಂದಳು. ನಾನು ಬೇಗ ಹೋಗಿ ಕಂಬಿಯ ಈಚೆ ನಿಂತೆ. ಹುಡುಗಿ ಚಿಕ್ಕವರನ್ನು ನಮ್ಮ ಶಾಲೆಯ ಗೇಟಿನೊಳಗೆ ಬಿಟ್ಟು, ಹೊಸ ಬ್ಯಾಗು ಹೊತ್ತು ಬಂದಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಹೆಜ್ಜೆ ಎತ್ತುವ ಮೊದಲು ಕೈ ತಾನಾಗಿಯೇ ಹಿಂದಕ್ಕೆ ಹೋಯಿತು. ಹಿಡಿಯಲು ಯಾರೂ ಇರಲಿಲ್ಲ. ಒಂದು ಗಳಿಗೆ ಹಾಗೇ ಚಾಚಿಕೊಂಡು ನಿಂತಿದ್ದವಳು, ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಒಬ್ಬಳೇ ಓಡಿ ದಾಟಿದಳು.