ನೀಲಿ ಸ್ಕ್ರೀನಿನ ಮೇಲೆ ನಾನು ಓದಿದ್ದು

ಗುಂಯ್ ಎಂದು ಸುತ್ತಿ, ಒಂದು ಕ್ಷಣ ಉಸಿರು ಹಿಡಿದು, ಕಟಕಟ ಎಂದು ಮತ್ತೆ ಸುತ್ತತೊಡಗುವ ಸಿ.ಡಿ. ಡ್ರೈವಿನ ಸದ್ದು ನಮ್ಮ ಮನೆಯ ಮುಂದಿನ ಕೋಣೆಯಿಂದ ಹಗಲೆಲ್ಲ ಕೇಳುತ್ತಿತ್ತು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗಲೂ ಆ ಸದ್ದು ನಿಂತದ್ದು ನನಗೆ ಗೊತ್ತಾಗುತ್ತಿತ್ತು. ನಿಂತಿತೆಂದರೆ ಚನ್ನಬಸಪ್ಪನವರು ಈಗ ನನ್ನನ್ನು ಕರೆಯುತ್ತಾರೆ ಎಂದೇ ಲೆಕ್ಕ.

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬಿದವಳಲ್ಲ. ಕಾನ್ವೆಂಟಿನಲ್ಲಿ ಓದಿದವಳು, ಕಡೂರಿನಲ್ಲಿ ಆಯುಷ್ಯದ ಅರ್ಧ ಭಾಗ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವಳು. ಯಾರಾದರೂ ದೆವ್ವ, ಸೂಚನೆ, ಮೈಮೇಲೆ ಬರುವುದು ಅಂತ ಶುರುಮಾಡಿದರೆ "ನಾನ್‌ಸೆನ್ಸ್" ಅಂದು ಎದ್ದು ಹೋಗುತ್ತಿದ್ದೆ. ಈಗ ನಂಬುತ್ತೇನೆ ಅಂತಲ್ಲ. ಆದರೆ ಎದ್ದು ಹೋಗುವುದಿಲ್ಲ. ಕೂತು ಪೂರ್ತಿ ಕೇಳುತ್ತೇನೆ.

ಚನ್ನಬಸಪ್ಪನವರು ಶಿವನಿ ಕಡೆಯವರು. ರೇಡಿಯೋ ಕಾಲದಿಂದ ರಿಪೇರಿ ಮಾಡಿಕೊಂಡು ಬಂದವರು. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದರು. ಅವರು ಮಾಡುತ್ತಿದ್ದುದು ಒಂದೇ ಬಗೆಯ ಕೆಲಸ. ರಗ್ಗಡ್ ಲ್ಯಾಪ್‌ಟಾಪ್ ಅಂತ ಬರುತ್ತವೆ, ಟ್ರಂಕಿನ ಹಾಗೆ ಹಿಡಿ ಇರುವಂಥವು, ದಪ್ಪ, ಬಿದ್ದರೂ ಒಡೆಯುವುದಿಲ್ಲ, ದೂಳಿಗೆ ಜಗ್ಗುವುದಿಲ್ಲ. ಎಲ್ಲೆಲ್ಲೋ ದುಡಿದು ಬಿಸಾಡಿದ ಇಂಥವನ್ನು ತರಿಸಿ, ಬಿಚ್ಚಿ ತೊಳೆದು, ಸೋತ ಭಾಗ ಬದಲಿಸಿ, ಹಳೆಯ ವಿಂಡೋಸ್ ಹಾಕಿ ಕೊಡುತ್ತಿದ್ದರು. ಹಳೆಯದು ಯಾಕೆ ಎಂದು ನಾನೂ ಕೇಳಿದ್ದೆ. ಲಾರಿ, ಟ್ರಾಕ್ಟರ್ ಇಂಜಿನ್ನಿಗೆ ವೈರು ಚುಚ್ಚಿ ಅದರ ಕಾಯಿಲೆ ಪತ್ತೆಹಚ್ಚುವ ಹಳೇ ಪ್ರೋಗ್ರಾಮುಗಳು ಹೊಸ ವಿಂಡೋಸ್‌ನಲ್ಲಿ ಬಾಯಿಯೇ ಬಿಡುವುದಿಲ್ಲವಂತೆ. ಹಾಗಾಗಿ ಅಜ್ಜಂಪುರ, ತರೀಕೆರೆಯ ಗ್ಯಾರೇಜಿನವರೆಲ್ಲ ಇವರ ಹತ್ತಿರವೇ ಬರುತ್ತಿದ್ದರು.

ಸಕ್ಕರೆ ಕಾಯಿಲೆ ಅವರ ಕಣ್ಣನ್ನು ತಿನ್ನುತ್ತ ಬಂತು. ಮೊದಲು ಸಣ್ಣ ಅಕ್ಷರ ಹೋಯಿತು, ಆಮೇಲೆ ದೊಡ್ಡದು. ಆಗ ನಮ್ಮಿಬ್ಬರದು ಒಂದು ಪದ್ಧತಿ ಆಯಿತು. ಸ್ಕ್ರೂ, ಕೀಬೋರ್ಡು ಎಲ್ಲ ಅವರ ಬೆರಳಿಗೆ ಬಾಯಿಪಾಠ, ಮೌಸ್ ಮುಟ್ಟುತ್ತಲೇ ಇರಲಿಲ್ಲ. ನನಗೆ ಕಂಪ್ಯೂಟರಿನ ಗಂಧವಿಲ್ಲ, ಆದರೆ ಇಂಗ್ಲಿಷ್ ಇದೆ. ನಾನು ಪಕ್ಕದಲ್ಲಿ ಕೂತು ಸ್ಕ್ರೀನಿನ ಮೇಲೆ ಬಂದದ್ದನ್ನು ಕ್ಲಾಸಿನಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಬೇಕು, ಅವರು ಕೀ ಒತ್ತಬೇಕು.

"ಟೀಚರಮ್ಮ, ಫುಲ್‌ಸ್ಟಾಪ್ ಎಲ್ಲಾ ಓದಬ್ಯಾಡ್ರಿ, ಕೊನೇ ಸಾಲು ಹೇಳ್ರಿ ಸಾಕು" ಅನ್ನುತ್ತಿದ್ದರು.

"ಅರ್ಧಂಬರ್ಧ ಓದಿ ಅಭ್ಯಾಸ ಇಲ್ಲ ನನಗೆ" ಅನ್ನುತ್ತಿದ್ದೆ.

ಆನೆಸ್ಟ್‌ಲಿ, ರಿಟೈರ್ ಆದ ಮೇಲೆ ನನ್ನ ಇಂಗ್ಲಿಷ್ ಯಾರಿಗಾದರೂ ಬೇಕಾದದ್ದು ಅಲ್ಲಿ ಮಾತ್ರ.

ಆ ವರ್ಷ ಅವರು ಕಳಿಸಿದ ಎರಡು ಲ್ಯಾಪ್‌ಟಾಪ್ ವಾಪಸ್ ಬಂದವು. ಒಂದರ ಒಳಗೆ ಏನೋ ಸರಿಯಾಗಿ ಕೂತಿರಲಿಲ್ಲ, ಇನ್ನೊಂದರ ಕೀಬೋರ್ಡ್ ಸತ್ತಿತ್ತು. ಎರಡೂ ತರೀಕೆರೆಯ ಲಾರಿ ಮೆಕ್ಯಾನಿಕ್ ಮಂಜಣ್ಣನವು. ದೇವನೂರಿನಲ್ಲಿದ್ದ ಮಗಳು ಗಿರಿಜಾ ಫೋನಿನಲ್ಲಿ, "ಅಪ್ಪಾಜಿ, ಸಾಕು ಮಾಡು. ಇದ್ದ ಹೆಸರು ಯಾಕೆ ಕೆಡಿಸ್ಕತೀಯ, ಇಲ್ಲಿಗೆ ಬಂದ್ಬಿಡು" ಅಂದಳು. ಅವರು ಫೋನಿಟ್ಟು ನನ್ನ ಕಡೆ ತಿರುಗಿ, "ಮಂಜನದು ಇನ್ನೊಂದ್ ಐತೆ. ಅದೂ ವಾಪಸ್ ಬಂದ್ರೆ ಬಾಗ್ಲು ಹಾಕ್ತೀನಿ" ಅಂದರು. ಕೆಲಸ ಬಿಟ್ಟರೆ ಈ ಮನುಷ್ಯ ಕೂತಲ್ಲೇ ಮುಗಿದುಹೋಗುತ್ತಾರೆ ಎಂದು ನನಗೆ ಗೊತ್ತಿತ್ತು.

ಆ ಮೂರನೆಯದರ ಸ್ಕ್ರೀನು ಸೀಳಿಹೋಗಿತ್ತು. ಹಿಂದಿನ ದಿನ ಅವರೇ ಹೊಸ ಸ್ಕ್ರೀನು ಕೂರಿಸಿ ಸ್ಕ್ರೂ ಬಿಗಿದಿದ್ದರು. ಮರುದಿನ ಮಧ್ಯಾಹ್ನ ಊಟ ಮುಗಿಸಿ, ವಿಂಡೋಸ್ ಸಿ.ಡಿ. ಹಾಕಿಕೊಂಡು ಕೂತೆವು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ನಾನೇ ಎದ್ದು ಕಿಟಕಿಯ ಪರದೆ ಎಳೆದೆ. ನೀಲಿ ಸ್ಕ್ರೀನು, ಬಿಳಿ ಅಕ್ಷರ, ಎಂದಿನಂತೆ. ನಾನು ಓದಿದೆ, ಅವರು ಒತ್ತಿದರು. ಕೆಳಗೆ ಹಳದಿ ಪಟ್ಟಿ ನಿಧಾನವಾಗಿ ತುಂಬುತ್ತಿತ್ತು. ನಡುವೆ ಸಿ.ಡಿ. ಸದ್ದು ನಿಂತಿತು. ಒಂದು ಫೈಲ್ ಕಾಪಿ ಆಗುತ್ತಿಲ್ಲ ಅಂತ ಸ್ಕ್ರೀನಿನಲ್ಲಿ ಬಂತು. ಅರ್ಥವಿಲ್ಲದ ಹೆಸರು, ಏಳು ಅಕ್ಷರ, ಒಂದು ಚುಕ್ಕೆ, ಮತ್ತೆ ಮೂರು ಅಕ್ಷರ. ನಾನು ಅದುವರೆಗೆ ಓದಿದ್ದ ಯಾವ ಹೆಸರೂ ಅದಲ್ಲ. "ಬರ್ಕಳ್ರಿ" ಅಂದರು. ಪೇಪರಿನ ಅಂಚಿನಲ್ಲಿ ಬರೆದುಕೊಂಡೆ. ಅವರು ಇನ್ನೊಂದು ಸಿ.ಡಿ. ಹಾಕಿ ಎಂಟರ್ ಒತ್ತಿದರು, ಮುಂದಕ್ಕೆ ಹೋಯಿತು. ಕಾಫಿ ಹೊತ್ತಿಗೆ ಎಲ್ಲ ಮುಗಿಯಿತು. ವಿಂಡೋಸಿನ ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರ ಬಂದದ್ದನ್ನು ಹೇಳಿದೆ. ಅವರು ತೃಪ್ತಿಯಿಂದ ಆಫ್ ಮಾಡಿ ಮುಚ್ಚಿದರು.

ನಾವು ಇನ್ನೂ ಕೋಣೆಯಲ್ಲಿ ಇರುವಾಗಲೇ ಮಂಜಣ್ಣ ಬಂದ. ಲ್ಯಾಪ್‌ಟಾಪ್ ತೆರೆದ, ಬಟನ್ ಒತ್ತಿದ. ದೀಪ ಹತ್ತಿತು, ಒಳಗೆ ಸದ್ದಾಯಿತು, ಸ್ಕ್ರೀನು ಕಪ್ಪಗೇ ಉಳಿಯಿತು. ಮೊಬೈಲ್ ಟಾರ್ಚ್ ಹಿಡಿದು ನೋಡಿದ, ಏನೂ ಇಲ್ಲ.

"ಅಣ್ಣಾ, ಮೂರನೇ ಸಲ ಕಣಣ್ಣಾ" ಅಂದ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಚನ್ನಬಸಪ್ಪನವರು ಪಂಚೆಗೆ ಕೈ ಒರೆಸಿಕೊಂಡರು. "ಆಯ್ತು ಬಿಡಪ್ಪ. ಗಿರಿಜಂಗೆ ಫೋನ್ ಮಾಡ್ತೀನಿ."

ನನಗೆ ತಡೆಯಲಾಗಲಿಲ್ಲ. "ಈಗ ತಾನೇ ಓದಿದ್ದೀನಿ ಮಂಜಣ್ಣ, ನಾನೇ ಓದಿದ್ದು. ಮೊದಲು ಬಿಚ್ಚಿ ನೋಡು" ಎಂದೆ.

ಅವನು ಬಿಚ್ಚಿದ. ಸ್ಕ್ರೀನಿಗೆ ಹೋಗಬೇಕಾದ ಕೇಬಲ್ಲು ಮಡಿಚಿಕೊಂಡು, ಮೇಲೆ ಟೇಪು ಅಂಟಿಸಿಕೊಂಡು ಒಂದು ಮೂಲೆಯಲ್ಲಿ ಬಿದ್ದಿತ್ತು. ಹಳೆಯ ಸ್ಕ್ರೀನು ತೆಗೆಯುವಾಗ ಕೇಬಲ್ಲು ಸಿಕ್ಕಿಹಾಕಿಕೊಳ್ಳಬಾರದು ಅಂತ ಹೀಗೆ ಟೇಪು ಹಾಕುವುದು ಚನ್ನಬಸಪ್ಪನವರ ಅಭ್ಯಾಸ. ಹೊಸದು ಕೂರಿಸುವಾಗ ಅದನ್ನು ಬಿಡಿಸಿ ಸಿಕ್ಕಿಸುವುದನ್ನೇ ಮರೆತಿದ್ದರು. ಕಣ್ಣಿದ್ದವರಿಗೆ ಬಟನ್ ಒತ್ತಿದ ಕೂಡಲೇ ತಿಳಿಯಬಹುದಾದ ತಪ್ಪು.

"ಟೀಚರಮ್ಮ, ಇದುಕ್ಕೆ ಕನೆಕ್ಷನ್ನೇ ಇಲ್ಲ. ಏನ್ ಓದಿದ್ರಿ, ಗೋಡೇನಾ?" ಎಂದು ಮಂಜಣ್ಣ ನಕ್ಕ. ಟೇಪು ಕಿತ್ತು ಕೇಬಲ್ಲು ಸಿಕ್ಕಿಸಿ ಬಟನ್ ಒತ್ತಿದ. ಹಸಿರು ಗುಡ್ಡ ಬಂತು. ವಿಂಡೋಸ್ ಪೂರ್ತಿ ಕೂತಿತ್ತು, ವಿಂಡೋಸ್ ಹಾಕುವಾಗ ಕಂಪ್ಯೂಟರಿಗೆ ನಾವು ಕೊಟ್ಟ ಹೆಸರೂ ಅಲ್ಲೇ ಇತ್ತು. ಅವನ ನಗು ನಿಂತಿತು.

ನಾನು ಪೇಪರಿನ ಅಂಚು ತೋರಿಸಿದೆ. ಅವನು, ನಾವು ಮೊದಲು ಹಾಕಿದ್ದ ಸಿ.ಡಿ.ಯನ್ನೇ ಮೇಜಿನ ಮೇಲಿದ್ದ ಇನ್ನೊಂದು ಮೆಷಿನ್ನಿಗೆ ಹಾಕಿ ಕೂತ. ಬಹಳ ಹೊತ್ತಾಯಿತು. ಸದ್ದು ನಿಂತಿತು. ಅದೇ ಹೆಸರು, ಅದೇ ಏಳು ಅಕ್ಷರ, ಚುಕ್ಕೆ, ಮೂರು ಅಕ್ಷರ.

ಸಾಕಷ್ಟು ಸಲ ಓದಿ ಬಾಯಿಪಾಠ ಆಗಿತ್ತು, ಅದನ್ನೇ ಒಪ್ಪಿಸಿದ್ದೀಯ ಎಂದ ನನ್ನ ತಮ್ಮ. ಇರಬಹುದು. ಆದರೆ ಆ ಹೆಸರು? ನನಗೆ ಕ್ಯಾಟರ್ಯಾಕ್ಟ್ ಆಪರೇಷನ್ ಮಾಡಿದ ಡಾಕ್ಟರನ್ನೂ ಕೇಳಿದೆ, ಕಣ್ಣು ಫಸ್ಟ್‌ಕ್ಲಾಸ್ ಅಂದರು. ಪರದೆ ಎಳೆದದ್ದು ಯಾಕೆ? ಅಕ್ಷರ ಕಾಣಲಿ ಅಂತ ತಾನೇ? ನಾನು ಕಂಡದ್ದನ್ನು ಓದಿದೆ. ಇದಕ್ಕಿಂತ ಹೆಚ್ಚಿನದು ನನಗೆ ತಿಳಿಯದು.

ಚನ್ನಬಸಪ್ಪನವರಿಗೆ ಮಾತ್ರ ಇದೊಂದು ಸಮಸ್ಯೆಯೇ ಆಗಲಿಲ್ಲ. "ನೀವು ಓದಿದ್ರಿ, ನಾನು ಒತ್ತಿದೆ. ಇನ್ನೇನ್ ಬೇಕು?" ಅಂದರು.

ಮಂಜಣ್ಣ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು, "ಅಣ್ಣಾ, ಫೋನ್ ಗೀನ್ ಮಾಡ್ಬ್ಯಾಡ. ಮಂಗಳವಾರ ಬತ್ತೀನಿ, ಒಳಗಿನ ಕೇಬಲ್ ಎಲ್ಲಾ ನಾನ್ ನೋಡ್ತೀನಿ. ಮಿಕ್ಕಿದ್ದು ನೀವಿಬ್ರು ಮಾಡ್ಕಳಿ" ಅಂದ. ಹಾಗೆಯೇ ಪ್ರತಿ ಮಂಗಳವಾರ ಬಂದ. ಇನ್ನೂ ಎರಡು ವರ್ಷ ಆ ಕೋಣೆ ನಡೆಯಿತು. ಒಂದೂ ವಾಪಸ್ ಬರಲಿಲ್ಲ. ಅಂದಿನಂತೆ ಮತ್ತೆಂದೂ ಆಗಲೂ ಇಲ್ಲ. ಆ ಎರಡು ವರ್ಷಗಳಿಗಾಗಿ ನಾನು ಯಾರಿಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯದೆ, ಎದುರಿಗೆ ಸಿಕ್ಕಿದ ದೇವರಿಗೆಲ್ಲ ಹೇಳುತ್ತೇನೆ. ಮಂಜಣ್ಣನಿಗೂ ಹೇಳಿದ್ದೇನೆ.

ಕೊನೆಗೆ ಬೆರಳೂ ಜುಮ್ಮೆನ್ನಲು ಶುರುವಾಗಿ, ಸ್ಕ್ರೂ ತಲೆ ತಿಳಿಯದಾದಾಗ ಅವರೇ ಸಾಕು ಅಂದರು. ಯಾರೂ ಹೇಳಬೇಕಾಗಲಿಲ್ಲ. ಸ್ಕ್ರೂಡ್ರೈವರ್ ಪೆಟ್ಟಿಗೆಯನ್ನು ಮಂಜಣ್ಣನ ಕೈಗಿಟ್ಟರು. ಮಾರನೆಯ ದಿನ ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಗಿರಿಜಾ ಅವರನ್ನು ದೇವನೂರಿನ ಬಸ್ಸು ಹತ್ತಿಸಿದಳು. ಕಿಟಕಿ ಪಕ್ಕ ಕೂತರು, ಮುಖ ನೇರ ಮುಂದಕ್ಕೆ. ಬಸ್ಸು ಹೊರಟಾಗ ನಾನು ಕೈ ಬೀಸಿದೆ, ಅವರಿಗೆ ಕಾಣದೆಂಬುದು ಆಮೇಲೆ ಹೊಳೆದು ಕೈ ಇಳಿಸಿದೆ. ಅವರ ಹಿಂದಿನ ಸೀಟಿನಲ್ಲಿದ್ದ, ನನಗೆ ಗುರುತೇ ಇಲ್ಲದ ಹೆಂಗಸೊಬ್ಬಳು ಬಸ್ಸು ತಿರುವು ದಾಟುವವರೆಗೂ ನನಗೆ ಕೈ ಬೀಸುತ್ತಿದ್ದಳು.