ಸಮುದ್ರಕ್ಕೆ ಹೊತ್ತುಕೊಂಡು ಹೋದ ಹೆಪ್ಪು

ನಾನು ಸಮುದ್ರ ನೋಡಿದ್ದು ಒಂದೇ ಸಲ. ಇಸವಿ ಎಂಬತ್ತಮೂರೋ ಎಂಬತ್ನಾಲ್ಕೋ ಇರಬೇಕು. ಶ್ರಾವಣದ ಸೋಮವಾರಗಳು ಮುಗಿದು, ಗಣಪತಿಯನ್ನೂ ಕಳಿಸಿಯಾಗಿತ್ತು. ನಮ್ಮ ಯಜಮಾನರು ಗುಡಗೇರಿಯ ಒಂದು ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿಂದ ಮೆಣಸಿನಕಾಯಿ ಒಯ್ಯುತ್ತಿದ್ದ ಕುಮಟಾ ಕಡೆಯ ವ್ಯಾಪಾರಿಯೊಬ್ಬರಿಗೆ ಸಮುದ್ರದ ದಂಡೆಗೆ ಒಂದು ಸಣ್ಣ ಹಂಚಿನ ಮನೆಯಿತ್ತು. ಖಾಲಿ ಬಿದ್ದಿದೆ, ಬಂದು ಒಂದು ವಾರ ಇದ್ದು ಹೋಗಿ ಎಂದು ಅವರು ಹೇಳಿದ್ದರಂತೆ.

ಮದುವೆಯಾಗಿ ಅಷ್ಟು ವರ್ಷವಾದರೂ ತವರುಮನೆ ಬಿಟ್ಟು ಇನ್ನೆಲ್ಲಿಗೂ ಹೋಗದವಳು ನಾನು. ಶಿವ ಕಣ್ಣು ತೆರೆದ ಅಂದುಕೊಂಡೆ. ಆದರೆ ಒಂದು ಕೊರಗು ಇತ್ತು. ನನಗೆ ಮಕ್ಕಳಿಲ್ಲ. ಮೈದುನನ ಮಗಳನ್ನು ನಾನೇ ಬೆಳೆಸಿದ್ದೆ. ಬಾಣಂತನದಲ್ಲಿ ನೆಗೆಣ್ಣಿ ಹಾಸಿಗೆ ಹಿಡಿದಾಗ ಕೂಸನ್ನು ನನ್ನ ಮಡಿಲಿಗೆ ಹಾಕಿದ್ದರು, ಅಲ್ಲೇ ಉಳಿಯಿತು. ಐದು ವರ್ಷದ ಹುಡುಗಿ ರಾತ್ರಿ ನನ್ನ ಕೌದಿಯೊಳಗೆ ನುಗ್ಗಿ, ನನ್ನ ಕಿವಿ ಹಿಡಿದುಕೊಂಡೇ ಮಲಗುತ್ತಿದ್ದಳು. ಅವಳನ್ನು ಬಿಟ್ಟು ಹೇಗೆ ಹೋಗಲಿ?

"ಹುಡುಗಿನ್ನೂ ಕರಕೊಂಡು ಹೋಗ್ತೀನಿ" ಅಂದೆ.

"ಸಾಲಿ ತಪ್ಪತೈತಿ ಅಕ್ಕಾ" ಅಂದಳು ನೆಗೆಣ್ಣಿ.

"ಏನ್ ದೊಡ್ಡ ಸಾಲಿ! ಉಸುಕಿನ್ಯಾಗ ಅ ಆ ತಿದ್ದಸ್ತಾರ. ಸಮುದ್ರದ ದಂಡ್ಯಾಗ ಬೇಕಾದಷ್ಟು ಉಸುಕು ಐತಿ, ನಾನ ತಿದ್ದಸ್ತೀನಿ."

ಅವಳು ನಕ್ಕಳು. "ನೀ ಒಮ್ಮೆರ ಆರಾಮ ಇದ್ದು ಬಾ ಬೇ. ಮಗಳನ್ನ ನಾ ನೋಡ್ಕೋತೀನಿ, ಒಲಿನೂ ನಾ ನೋಡ್ಕೋತೀನಿ."

ಎಷ್ಟು ಒಳ್ಳೆಯ ಮನಸ್ಸು ಅಂದುಕೊಂಡೆ.

ಹೊರಡುವ ಮುಂಜಾನೆ ಇನ್ನೂ ದೊಡ್ಡದೊಂದು ನಡೆಯಿತು. ಅತ್ತೆ ಅಡುಗೆಮನೆಯಿಂದ ಪುಟ್ಟ ಗಡಿಗೆಯೊಂದನ್ನು ತಂದು ನನ್ನ ಕೈಗಿಟ್ಟರು. ಬಾಯಿಗೆ ಬಿಳಿ ಅರಿವೆ ಕಟ್ಟಿತ್ತು. ಒಳಗೆ ಮನೆಯ ಹೆಪ್ಪು.

"ಅಲ್ಲೀ ಮೊಸರು ನಿನಗ ಸೇರಂಗಿಲ್ಲ. ದಿನಾ ಹಾಲಿಗೆ ಇದನ್ನ ಹಾಕ್ಕೋತ ಹೋಗು. ಕೆಡಗೊಡಬ್ಯಾಡ."

ನಮ್ಮ ಮನೆಯಲ್ಲಿ ಹೆಪ್ಪು ಹೊಸ್ತಿಲು ದಾಟುತ್ತಿರಲಿಲ್ಲ. ಓಣಿಯವರು ಒಂದು ಚಮಚ ಕೇಳಿದರೂ ಅತ್ತೆ ಮಜ್ಜಿಗೆ ಕೊಟ್ಟು ಕಳಿಸುವವರು. ಅವರ ಅತ್ತೆಯ ಕಾಲದಿಂದ ಬಂದ ಹೆಪ್ಪು ಅದು, ಅದರಲ್ಲೇ ಮನೆಯ ಲಕ್ಷ್ಮಿ ಇದ್ದಾಳೆ ಎಂದು ಅವರ ನಂಬಿಕೆ. ಅಂಥದ್ದನ್ನು ಬಂಜೆ ಸೊಸೆಯ ಕೈಗೆ ಕೊಟ್ಟರಲ್ಲ! ನನ್ನ ಕಣ್ಣು ತುಂಬಿ ಬಂದವು. ಕಾಲಿಗೆ ನಮಸ್ಕಾರ ಮಾಡಿದೆ. ಅತ್ತೆ ನನ್ನ ಮುಖ ನೋಡಲಿಲ್ಲ. ಕಳಿಸುವ ಸಂಕಟಕ್ಕೆ ಹಾಗಿರಬೇಕು ಅಂದುಕೊಂಡೆ.

ಗುಡಗೇರಿಯಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಬಸ್ಸು. ಕಲಘಟಗಿ ದಾಟಿ ಘಟ್ಟ ಇಳಿಯುವವರೆಗೂ ಗಡಿಗೆ ನನ್ನ ತೊಡೆಯ ಮೇಲೇ ಇತ್ತು. ಯಜಮಾನರು "ಇತ್ಲಾಗ ಕೊಡು, ಚೀಲದಾಗ ಇಡ್ತೀನಿ" ಅಂದರು. ಕೊಡಲಿಲ್ಲ.

ಮನೆ ಚೊಕ್ಕದಿತ್ತು. ಒಂದು ಕೋಣೆ, ಒಂದು ಪಡಸಾಲೆ, ಹಿತ್ತಲಲ್ಲಿ ಬಾವಿ. ಸಮುದ್ರ ಅಷ್ಟು ಹತ್ತಿರವಿದ್ದರೂ ಬಾವಿಯ ನೀರು ಸಿಹಿ. ಲಿಂಗಪೂಜೆಗೆ ಆ ನೀರು ಸಿಕ್ಕಿದ್ದೇ ಒಂದು ದಯೆ. ಬಾಜು ಮನೆಯ ಅಜ್ಜಿ ಹಾಲು ತಂದುಕೊಡುತ್ತಿದ್ದಳು. ನಾನು ಊರಿಂದ ಒಯ್ದ ಕಡಕ್ ರೊಟ್ಟಿ ಎರಡೇ ದಿನಕ್ಕೆ ಆ ಹಸಿ ಗಾಳಿಗೆ ಒದ್ದೆ ಅರಿವೆಯಂತಾಗಿದ್ದವು. ಅಜ್ಜಿ ಒಂದನ್ನು ಎತ್ತಿ ಹಿಡಿದು, "ಇದನ್ನು ತಿನ್ನುವುದಾ, ಹಾಸಿಕೊಂಡು ಮಲಗುವುದಾ?" ಎಂದು ಕೇಳಿ ನನ್ನನ್ನು ನಗಿಸಿದಳು.

ಮಳೆಗೆ ಅಲ್ಲಿ ಹೇಳುವವರು ಕೇಳುವವರು ಯಾರೂ ಇರಲಿಲ್ಲ. ನಮ್ಮ ಕರಿನೆಲದಲ್ಲಿ ಮಳೆ ಬರುವುದಿದ್ದರೆ ದೂರದಿಂದಲೇ ಕಾಣುತ್ತದೆ, ಒಣಹಾಕಿದ ಕಾಳನ್ನು ಒಳಗೆ ತರಲು ಪುರಸೊತ್ತು ಕೊಡುತ್ತದೆ. ಇಲ್ಲಿ ಬಿಸಿಲು ಬೆನ್ನು ಸುಡುತ್ತಿರುವಾಗಲೇ ಹನಿ ಬೀಳುತ್ತಿದ್ದವು. ಛತ್ರಿ ಬಿಚ್ಚುವುದರೊಳಗೆ ನಿಲ್ಲುತ್ತಿತ್ತು. ಆದರೂ ನಾವು ಬೆಳಿಗ್ಗೆ, ಸಂಜೆ ದಂಡೆಗುಂಟ ನಡೆಯುತ್ತಿದ್ದೆವು. ಯಜಮಾನರು ಊರಲ್ಲಿ ನನ್ನ ಜೊತೆ ಹಾಗೆ ನಡೆದವರೇ ಅಲ್ಲ. ನಾನು ಸೆರಗಿನಲ್ಲಿ ಚಿಪ್ಪು ತುಂಬಿಕೊಳ್ಳುತ್ತಿದ್ದೆ. ಗುಲಾಬಿ ಬಣ್ಣದ್ದು, ಹುಲಿಯ ಮೈಯಂಥ ಗೆರೆಯದ್ದು, ಎಲ್ಲ ನಮ್ಮ ಹುಡುಗಿಗೆ.

ಒಂದು ಸಂಜೆ ಜೋರು ಮಳೆ ಹಿಡಿದು, ದಂಡೆಯ ಮೇಲೆ ದೋಣಿ ಇಡುವ ಗುಡಿಸಲೊಳಗೆ ಹೊಕ್ಕೆವು. ತೆಂಗಿನ ಗರಿಯ ಸೂರಿನಿಂದ ನೀರು ಇಳಿಯುತ್ತಿತ್ತು. ಮನಸ್ಸು ತುಂಬಿತ್ತು, ಹೇಳಿಬಿಟ್ಟೆ:

"ಅತ್ತಿ ನನಗ ಹೆಪ್ಪು ಕೊಟ್ರಲ್ರಿ, ಇಷ್ಟು ದಿನಕ್ಕ ನಾನೂ ಈ ಮನಿಯಾಕಿ ಅನಸ್ತು ನೋಡ್ರಿ."

ಅವರು ಬೀಡಿ ಹಚ್ಚಲು ಕಡ್ಡಿ ಗೀರಿದರು. ಹಸಿ ಗಾಳಿಗೆ ಅದು ಹತ್ತಲಿಲ್ಲ.

"ಹೌದಲ್ರಿ?"

"ನಿನಗ ತಿಳಿದಿಲ್ಲೇನು?" ಅಂದರು ಕೊನೆಗೆ. "ನಮ್ಮ ಮನ್ಯಾಗ ಹೆಪ್ಪು ಯಾವಾಗ ಕೊಡ್ತಾರ?"

ಆಗ ಹೊಳೆಯಿತು. ಮಗ ಬೇರೆ ಒಲೆ ಹೂಡುವಾಗ ಅತ್ತೆ ಸೊಸೆಗೆ ಹೆಪ್ಪು ಕೊಡುತ್ತಾಳೆ. ನಮ್ಮ ಸಣ್ಣ ಮಾವ ಬೇರೆಯಾದಾಗ ಹಾಗೇ ಕೊಟ್ಟಿದ್ದನ್ನು ಕೇಳಿದ್ದೆ. ಕೇಳಿದ್ದರೂ, ಅಕ್ಕರೆಯ ಆಸೆಯಲ್ಲಿ ಅದು ನೆನಪಿಗೇ ಬಂದಿರಲಿಲ್ಲ.

"ನಾವು ಬ್ಯಾರಿ ಆಗೇವೇನ್ರಿ?"

"ಹಿಂದಿನ ಕ್ವಾಣ್ಯಾಗ ಒಲಿ ಹಾಕಸಾಕತ್ತಾರ. ನಾವು ಮುಟ್ಟೂದರಾಗ ಆಗಿರತೈತಿ."

"ಯಾಕ್ರಿ? ನಾ ಏನ್ ಕಡಿಮಿ ಮಾಡೀನಿ?"

"ಕಡಿಮಿ ಅಲ್ಲ. ಹೆಚ್ಚ ಮಾಡಿದಿ." ಅವರು ಸಮುದ್ರದ ಕಡೆಗೇ ನೋಡುತ್ತಿದ್ದರು. "ಹುಡುಗಿ ಹೆತ್ತಾಕಿ ಕಡೆ ಹೋಗೂದಽ ಇಲ್ಲ. ತಮ್ಮನ ಹೆಂಡ್ತಿ ಅತ್ತಳು. ಒಲಿ ಬ್ಯಾರಿ ಆದ್ರ ಹುಡುಗಿ ತಾನ ಅಕಿ ಕಡೆ ಹೊಳ್ಳತಾಳ ಅಂದ್ಲು ಅವ್ವ."

"ಇದನ್ನ ಹೇಳಾಕ ಸಮುದ್ರಕ್ಕ ಕರಕೊಂಡು ಬಂದ್ರೇನು?"

"ಊರಾಗಿದ್ರ ನೀ ಅಳ್ತಿ, ಓಣಿ ಮಂದಿ ಕೂಡ್ತಾರ. ಅದಕ್ಕ…"

ಅದಕ್ಕೆ ಸಮುದ್ರ. ಅದಕ್ಕೆ ಹಂಚಿನ ಮನೆ, ಅದಕ್ಕೆ ಸಂಜೆಯ ನಡಿಗೆ. ನೆಗೆಣ್ಣಿಯ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ, ಅವಳು ಹೆತ್ತವಳು. ಅತ್ತೆಯ ಮೇಲೂ ಬಂದು ಹೋಯಿತು. ಆದರೆ ಯಜಮಾನರು ಎಲ್ಲ ತಿಳಿದಿದ್ದೂ, ನಾನು ಒಂದೊಂದು ಚಿಪ್ಪು ಆರಿಸಿ "ಇದು ಆಕಿಗೆ ಭಾಳ ಸೇರತೈತಿ" ಅಂದಾಗೆಲ್ಲ "ಹೂಂ" ಅನ್ನುತ್ತ ಬಾಜುವಿನಲ್ಲಿ ನಡೆದಿದ್ದರು. ಆ "ಹೂಂ" ಇವತ್ತಿಗೂ ನನ್ನ ಕಿವಿಯಿಂದ ಹೋಗಿಲ್ಲ.

ಮಳೆ ನಿಂತು ಬಿಸಿಲು ಬಿದ್ದಿತ್ತು. ನಾನೊಬ್ಬಳೇ ಮುಂದೆ ನಡೆದೆ.

ಆ ರಾತ್ರಿ ಗಡಿಗೆಯನ್ನು ಒಯ್ದು ಸಮುದ್ರಕ್ಕೆ ಸುರಿಯಬೇಕೆನಿಸಿತು. ಅರಿವೆ ಬಿಚ್ಚಿಯೂ ಬಿಟ್ಟೆ. ಅಜ್ಜಿ ಕೊಟ್ಟ ಹಾಲು ಅಲ್ಲೇ ಬೆಚ್ಚಗಿತ್ತು. ಕೈ ತನ್ನ ರೂಢಿಯಂತೆ ಹಾಲಿಗೆ ಹೆಪ್ಪು ಹಾಕಿತು. ಹಾಲಿನ ತಪ್ಪೇನಿದೆ, ಶಿವನೇ.

ಉಳಿದ ದಿನಗಳಲ್ಲಿ ಅವರು ದಂಡೆಗೆ ಕರೆದರೂ ಹೋಗಲಿಲ್ಲ. ಅವರು ಮಲಗಿದ್ದಾಗ ಒಬ್ಬಳೇ ಹೋಗಿ ಬಂದೆ. ಚಿಪ್ಪು ಆರಿಸುವುದನ್ನು ಮಾತ್ರ ಬಿಡಲಿಲ್ಲ.

ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಹಿಂದಿನ ಕೋಣೆಯಲ್ಲಿ ಹೊಸ ಒಲೆ. ಸಾರಿಸಿ, ರಂಗೋಲಿ ಹಾಕಿ, ನನ್ನ ಪಾಲಿನ ಪಾತ್ರೆಗಳನ್ನು ಗೋಡೆಗುಂಟ ಚಂದಾಗಿ ಜೋಡಿಸಿದ್ದರು. ಮೂಲೆಯಲ್ಲಿ ನನ್ನ ಕೌದಿ ಮಡಚಿಟ್ಟಿತ್ತು, ಅದರ ಮೇಲಿರುತ್ತಿದ್ದ ಹುಡುಗಿಯ ಸಣ್ಣ ದಿಂಬು ಇರಲಿಲ್ಲ. ನಾನು ಅಳಲಿಲ್ಲ. ಅವರು ಬಯಸಿದ್ದು ಅದನ್ನೇ, ಕೊಟ್ಟೆ. ಹಣೆಗೆ ವಿಭೂತಿ ಹಚ್ಚಿಕೊಂಡು, ಒಲೆಗೂ ಮೂರು ಬೆರಳು ಎಳೆದು, ಬೆಂಕಿ ಹೊತ್ತಿಸಿದೆ.

ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆರಳು ಹಾಕಿದ್ದರು. ನಾನು ಹಾಕುವ ಹಾಗಲ್ಲ, ಆದರೆ ಚಂದವೇ ಇತ್ತು. ಸೆರಗಿನ ಗಂಟು ಬಿಚ್ಚಿ ಚಿಪ್ಪುಗಳನ್ನು ಸುರಿದೆ. ಅವಳು ಓಡಿ ಬಂದು ಎರಡೂ ಕೈ ತುಂಬಿಕೊಂಡಳು. ಅಷ್ಟರಲ್ಲಿ ಮುಂದಿನ ಅಡುಗೆಮನೆಯಿಂದ ಅವಳವ್ವ ಕೂಗಿದಳು, "ಉಣ್ಣಾಕ ಬಾ ಬೇ!"

ಹುಡುಗಿ ಎದ್ದಳು. ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದಳು. ಅವಳಿಗೆ ಯಾರೋ ಕಲಿಸಿದ್ದರು, ಅಥವಾ ತಾನೇ ತಿಳಿದುಕೊಂಡಿದ್ದಳು.

"ದೊಡ್ಡವ್ವಾ, ನಾಳೆ ನಮ್ಮ ಮನಿಗೆ ಬರ್ತಿಯೇನು?"

"ಬರ್ತೀನವಾ" ಅಂದೆ. "ನೀ ಕರದ್ರ ಬರದಽ ಇರ್ತೀನೇನು?"

ದೊಡ್ಡವ್ವಾ ಅಂದಳಲ್ಲ, ಅಷ್ಟು ಉಳಿಯಿತು ಎಂದು ಶಿವನಿಗೆ ಕೈಮುಗಿದೆ. ಆಮೇಲೆ ಹಾಲು ಕಾಯಿಸಿ, ಗಡಿಗೆಯ ಅರಿವೆ ಬಿಚ್ಚಿ, ಇಬ್ಬರಿಗೆ ಆಗುವಷ್ಟೇ ಹೆಪ್ಪು ಹಾಕಿದೆ.